ತೋಟದ ಮರದ ಶೆಡ್ಡಿಗೆ ಎಣ್ಣೆಯೋ, ಮದ್ದೋ?

ನಮ್ಮ ತೋಟದ ಶೆಡ್ಡು ಸಿಲ್ವರ್ ಓಕ್ ಹಲಗೆಯದು. ಎಂಟಡಿ ಉದ್ದ, ಆರಡಿ ಅಗಲ. ಮಂಡ್ಯದಿಂದ ಪಾಂಡವಪುರದ ಕಡೆ ನಾಲೆ ಬಯಲಿನಲ್ಲಿದೆ. ಗುದ್ದಲಿ, ಸ್ಪ್ರೇಯರ್, ಡ್ರಿಪ್ ಪೈಪು, ಒಂದೆರಡು ಮೂಟೆ ಬೇವಿನ ಹಿಂಡಿ ಇಡಲು ಕಟ್ಟಿಸಿದ್ದು. ಕಟ್ಟಿಸಿದ ಖುಷಿಗೆ ಫಳಫಳ ಹೊಳೆಯುವ ವಾರ್ನಿಷ್ ಹೊಡೆಸಿದೆ. ಅಂಗಡಿಯವರು ‘ಹೊರಗಡೆಗೂ ಆಗುತ್ತೆ ಸಾರ್’ ಅಂದರು, ನಾನೂ ಡಬ್ಬದ ಮೇಲೆ ಏನು ಬರೆದಿದೆ ಅಂತ ಓದುವ ಗೋಜಿಗೆ ಹೋಗಲಿಲ್ಲ. ಮುಂದಿನ ಯುಗಾದಿ ಹೊತ್ತಿಗೆ ಪಶ್ಚಿಮದ ಗೋಡೆಯಲ್ಲಿ ವಾರ್ನಿಷ್ ಹಾವಿನ ಪೊರೆಯ ಹಾಗೆ ಏಳುತ್ತಿತ್ತು, ಕಂಬದ ಬುಡದಿಂದ ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಮೊಣಕಾಲೆತ್ತರಕ್ಕೆ ಬಂದಿತ್ತು.

ರಿಪೇರಿಗೆ ಬಂದ ಆಚಾರ್ರಿಗೆ ‘ವಾರ್ನಿಷ್ ಹೋಗ್ಲಿ, ಚೆನ್ನಾಗಿ ಎಣ್ಣೆ ಕುಡಿಸಿಬಿಡಣ, ಗೆದ್ದಲೂ ಬರಲ್ಲ’ ಅಂದೆ. ಅವರು ಬೀಡಿ ಕಿವಿ ಮೇಲೆ ಸಿಕ್ಕಿಸಿಕೊಂಡು ನಕ್ಕರು. ‘ಎಣ್ಣೆ ಅಂದ್ರೆ ಕೊಡೆ ಸಾ. ಕೊಡೆ ಹಿಡ್ಕೊಂಡ್ರೆ ಸೊಳ್ಳೆ ಕಚ್ಚಲ್ವಾ?’

ಈ ಮಾತು ಅವತ್ತು ತಲೆಗೆ ಹೋಯಿತು. ಎಣ್ಣೆ ನೀರನ್ನು ತಡೆಯುತ್ತದೆ. ಮದ್ದು, ಅಂದರೆ ಡಬ್ಬದ ಮೇಲೆ ವುಡ್ ಪ್ರಿಸರ್ವೇಟಿವ್ ಅಂತ ಇರುತ್ತದಲ್ಲ ಅದು, ಹುಳವನ್ನೂ ಬೂಷ್ಟನ್ನೂ ತಡೆಯುತ್ತದೆ. ಬಿಸಿಲನ್ನು ತಡೆಯುವುದು ಇವೆರಡೂ ಅಲ್ಲ, ಎಣ್ಣೆಯಲ್ಲಿ ಕಲೆಸಿರುವ ಬಣ್ಣ. ಅಂಗಡಿಗೆ ಹೋಗಿ ‘ಮರಕ್ಕೆ ಒಳ್ಳೇದು ಏನಿದೆ ಕೊಡಿ’ ಅಂತ ಕೇಳಿದರೆ ಅವರು ನೀರು, ಹುಳ, ಬಿಸಿಲು ಈ ಮೂರರಲ್ಲಿ ಒಂದನ್ನು ತಡೆಯುವುದನ್ನು ಕೊಡುತ್ತಾರೆ, ಮಿಕ್ಕ ಎರಡು ನಿಮ್ಮ ಶೆಡ್ಡನ್ನು ತಿನ್ನುತ್ತವೆ. ಅದಕ್ಕೇ ದುಡ್ಡು ಬಿಚ್ಚುವ ಮೊದಲು ನಿಮ್ಮ ಶೆಡ್ಡಿಗೆ ಕಾಟ ಕೊಡುತ್ತಿರುವುದು ಯಾವುದು ಅಂತ ನೋಡಿಕೊಳ್ಳಬೇಕು.

ಒಂದು ಸ್ಕ್ರೂಡ್ರೈವರ್ ಹಿಡಿದು ಶೆಡ್ಡನ್ನು ಸುತ್ತಿ

ಬುಡದಿಂದ ಶುರು ಮಾಡಿ. ಕಂಬ ನೆಲಕ್ಕೆ ತಾಗುವ ಜಾಗ, ಕೆಳಗಿನ ಹಲಗೆಯ ಅಂಚು, ಬಾಗಿಲಿನ ಹೊಸ್ತಿಲು. ಇಲ್ಲೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಮರ ಒಳಗೆ ಬಿಡುವುದಿಲ್ಲ. ಬೆಣ್ಣೆಗೆ ಹೋದ ಹಾಗೆ ಹೋದರೆ ಅಲ್ಲಿ ಕೊಳೆತಿದೆ ಅಂತ ಅರ್ಥ, ಅದಕ್ಕೆ ಯಾವ ಎಣ್ಣೆಯೂ ಇಲ್ಲ, ಆ ತುಂಡನ್ನು ಕೊಯ್ದು ಹೊಸದು ಹಾಕಬೇಕು. ಕೊಳೆತ ಮರದ ಮೇಲೆ ಎಣ್ಣೆ ಬಳಿಯುವುದು ಹುಳುಕು ಹಲ್ಲಿಗೆ ಪೇಸ್ಟ್ ಹಚ್ಚಿದ ಹಾಗೆ.

ಮಣ್ಣಿನ ಗೆರೆ ಕಂಡರೆ ಅದು ನೆಲದಿಂದ ಬಂದ ಗೆದ್ದಲು. ಗೆರೆಯನ್ನು ಮಧ್ಯದಲ್ಲಿ ಎರಡಿಂಚು ಕೆರೆದು ಬಿಡಿ. ಮೂರ್ನಾಲ್ಕು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿದ್ದರೆ ಒಳಗೆ ಸಂಸಾರ ಜೋರಾಗಿ ನಡೆದಿದೆ. ಮಣ್ಣಿನ ಗೆರೆ ಇಲ್ಲದೆ ಹಲಗೆಯ ಕೆಳಗೆ ರಾಗಿ ಕಾಳಿನಂಥ ಸಣ್ಣ ಸಣ್ಣ ಹಿಕ್ಕೆ ಬಿದ್ದಿದ್ದರೆ ಅದು ಒಣಮರದ ಗೆದ್ದಲು, ಅದಕ್ಕೆ ನೆಲದ ನಂಟೇ ಬೇಡ. ಗುಂಡುಸೂಜಿ ತಲೆಯಷ್ಟು ತೂತು, ಅದರ ಕೆಳಗೆ ಮೈದಾದಂಥ ಪುಡಿ ಇದ್ದರೆ ಕುಟ್ಟೆ ಹಿಡಿದಿದೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ, ಹಾಗಾಗಿ ಸುಮ್ನೆ ‘ಹುಳ’ ಅಂದುಕೊಂಡು ಮುಂದೆ ಹೋಗಬೇಡಿ.

ಆಮೇಲೆ ಗೋಡೆಗೆ ನಾಲ್ಕು ಹನಿ ನೀರು ಸಿಂಪಡಿಸಿ. ಹನಿ ಮುತ್ತಿನ ಹಾಗೆ ನಿಂತರೆ ಹಳೆಯ ಎಣ್ಣೆಯೋ ವಾರ್ನಿಷ್ಷೋ ಇನ್ನೂ ಕೆಲಸ ಮಾಡುತ್ತಿದೆ, ಈ ವರ್ಷ ಬಿಡಿ. ಒಂದೆರಡು ನಿಮಿಷದಲ್ಲಿ ಮರ ನೀರು ಕುಡಿದು ಕಪ್ಪಾದರೆ ಅದಕ್ಕೆ ಬಾಯಾರಿದೆ, ಎಣ್ಣೆಯನ್ನೂ ಹಾಗೇ ಕುಡಿಯುತ್ತದೆ. ಕೆಲವು ಕಡೆ ನಿಲ್ಲುವುದು, ಕೆಲವು ಕಡೆ ಇಂಗುವುದು ಆದರೆ ಹಳೆಯ ವಾರ್ನಿಷ್ ಪದರ ಹರಿದಿದೆ, ಪೂರ್ತಿ ಕೆರೆದು ತೆಗೆಯದೆ ಬೇರೆ ದಾರಿ ಇಲ್ಲ.

ಇನ್ನೊಂದು ಮಾತು. ಮಂಡ್ಯ, ಮೈಸೂರು ಕಡೆ ವರ್ಷಕ್ಕೆ ಬೀಳುವ ಮಳೆ 700–800 ಮಿಲಿಮೀಟರ್ ಆಸುಪಾಸು. ಮಲೆನಾಡಿನವರಿಗೆ ಇದು ಮಳೆಯೇ ಅಲ್ಲ. ನಮಗೆ ಜಾಸ್ತಿ ಕಾಟ ಕೊಡುವುದು ಬಿಸಿಲು ಮತ್ತು ಗೆದ್ದಲು. ಫೆಬ್ರವರಿಯಿಂದ ಮೇವರೆಗೆ ಹಲಗೆ ಒಣಗಿ ಸೀಳುತ್ತದೆ, ಆ ಸೀಳಿನೊಳಗೆ ಉತ್ತರೆ, ಹಸ್ತ, ಚಿತ್ತೆ ಮಳೆಯ ನೀರು ಕೂರುತ್ತದೆ. ನಾಲೆ ಬಯಲಿನವರಿಗೆ ಇದರ ಜೊತೆಗೆ ನೆಲದ ತೇವ ಬೇರೆ, ಭತ್ತದ ಗದ್ದೆ ಪಕ್ಕ ಇದ್ದರಂತೂ ಕೇಳುವುದೇ ಬೇಡ. ಮರದೊಳಗಿನ ತೇವ ನೂರಕ್ಕೆ ಇಪ್ಪತ್ತು ದಾಟಿದರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ, ಅದರ ಕೆಳಗೆ ಇಟ್ಟರೆ ಅದು ತಲೆ ಎತ್ತುವುದಿಲ್ಲ.

ಮರ ಯಾವುದು?

ತೇಗದ ಶೆಡ್ಡು ಇರುವ ಪುಣ್ಯವಂತರು ಈ ಭಾಗ ಬಿಟ್ಟು ಮುಂದೆ ಹೋಗಬಹುದು, ಆದರೆ ನಿಮ್ಮದು ನಿಜವಾಗಿಯೂ ಚೇಗು ಬಂದ ತೇಗವೇ ಅಂತ ನೋಡಿಕೊಳ್ಳಿ. ಮರದ ಒಳಗಿನ ಕಂದು ಭಾಗವೇ ಚೇಗು, ಹುಳಕ್ಕೆ ಕಹಿ ಅದು. ಹೊರಗಿನ ಬಿಳಿ ಭಾಗ ತೇಗದ್ದಾದರೂ ಅಷ್ಟೆ, ಹೊನ್ನೆಯದ್ದಾದರೂ ಅಷ್ಟೆ, ಗೆದ್ದಲಿಗೆ ಅದು ಕಡುಬು. ಈಗ ಸಿಗುವ ಎಳೆ ತೇಗದಲ್ಲಿ ಬಿಳಿಯೇ ಜಾಸ್ತಿ.

ತೇಗ, ಹೊನ್ನೆ, ಚೇಗು ಬಂದ ಹಲಸು ಆದರೆ ಗೋಡೆಗೆ ಎಣ್ಣೆ ಸಾಕು, ಬುಡಕ್ಕೆ ಮಾತ್ರ ಮದ್ದು. ಸಿಲ್ವರ್ ಓಕ್, ಮಾವು, ರಬ್ಬರ್ ಮರ, ಪ್ಯಾಕಿಂಗ್ ಪೆಟ್ಟಿಗೆ ಬಿಚ್ಚಿದ ಪೈನ್ ಹಲಗೆ ಆದರೆ ಮದ್ದಿಲ್ಲದೆ ಎಣ್ಣೆ ಹಚ್ಚುವುದು ದಂಡ. ನೀಲಗಿರಿಯದ್ದು ಇನ್ನೊಂದು ಕತೆ, ಅದು ಸೀಳುವುದರಲ್ಲಿ ಎತ್ತಿದ ಕೈ, ಅದಕ್ಕೆ ಎಣ್ಣೆ ಬೇಕಾಗುವುದು ಸೀಳು ಕಮ್ಮಿಯಾಗಲಿ ಅಂತ.

ಪ್ಲೈವುಡ್ ಗೋಡೆಯಾದರೆ ಅಂಚಿನದೇ ಚಿಂತೆ. ಅಂಚಿನಿಂದ ನೀರು ಹೊಕ್ಕರೆ ಪದರ ಪದರವಾಗಿ ಬಿಡುತ್ತದೆ. ಅಂಚಿಗೆ ಪೇಂಟೇ ಸರಿ, ಎಣ್ಣೆ ಅಲ್ಲ.

ಎಣ್ಣೆಗಳು

ಎಣ್ಣೆಯಲ್ಲಿ ಎರಡು ಜಾತಿ. ಗಾಳಿಗೆ ಒಣಗಿ ಗಟ್ಟಿಯಾಗುವುದು ಒಂದು, ಎಷ್ಟು ದಿನವಾದರೂ ಜಿಡ್ಡಾಗೇ ಇರುವುದು ಇನ್ನೊಂದು. ಮರಕ್ಕೆ ಬೇಕಾದದ್ದು ಒಣಗುವ ಜಾತಿ.

ಒಣಗುವ ಎಣ್ಣೆಯಲ್ಲಿ ನಮಗೆ ಸುಲಭವಾಗಿ ಸಿಗುವುದು ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಅಂತ ಕೇಳಿ. ಅದರಲ್ಲೂ ಎರಡಿದೆ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಧೂಳೆಲ್ಲ ಅಂಟಿ ಗೋಡೆ ಸ್ಯಾಂಡ್‌ಪೇಪರ್ ಆಗಿರುತ್ತದೆ. ಬಾಯಿಲ್ಡ್ ಅಂತ ಬರೆದಿರುವುದು ಬೇಗ ಒಣಗುತ್ತದೆ, ಹೆಚ್ಚುಕಮ್ಮಿ ಒಂದೆರಡು ದಿನ. ಹೆಸರು ಬಾಯಿಲ್ಡ್ ಆದರೂ ಈಗ ಅದನ್ನು ಯಾರೂ ಸುಮ್ನೆ ಕುದಿಸಿ ಮಾರುವುದಿಲ್ಲ, ಬೇಗ ಒಣಗಲಿ ಅಂತ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಸಂಯುಕ್ತ ಸೇರಿಸಿರುತ್ತಾರೆ. ಹಾಗಾಗಿ ಮನೆಯಲ್ಲಿ ಅಡುಗೆ ಒಲೆ ಮೇಲೆ ಹಸಿ ಎಣ್ಣೆ ಕುದಿಸಲು ಹೋಗಬೇಡಿ, ಎಣ್ಣೆ ಬಾಯಿಲ್ಡ್ ಆಗುವುದಿಲ್ಲ, ಅಡುಗೆಮನೆಗೆ ಬೆಂಕಿ ಬೀಳಬಹುದು.

ಅಗಸೆ ಎಣ್ಣೆಯ ದೋಷ ಹೇಳಿಬಿಡುತ್ತೇನೆ. ಅದು ಬೂಷ್ಟಿಗೆ ಊಟ. ನೆರಳಲ್ಲಿ, ತೇವದಲ್ಲಿ, ಉತ್ತರದ ಗೋಡೆಯಲ್ಲಿ ಬರಿಯ ಅಗಸೆ ಎಣ್ಣೆ ಹಚ್ಚಿದರೆ ಮಳೆಗಾಲ ಮುಗಿಯುವ ಹೊತ್ತಿಗೆ ಕಪ್ಪು ಚುಕ್ಕೆ ಗ್ಯಾರಂಟಿ. ಒಳಗೆ ಮದ್ದು ಇದ್ದು ಮೇಲೆ ಎಣ್ಣೆ ಇದ್ದರೆ ಇದು ಎಷ್ಟೋ ಕಮ್ಮಿ. ಟಂಗ್ ಅನ್ನುವ ಮರದ ಬೀಜದಿಂದ ತೆಗೆದ ಟಂಗ್ ಎಣ್ಣೆ ಇದಕ್ಕಿಂತ ನೀರು ಚೆನ್ನಾಗಿ ತಡೆಯುತ್ತದೆ, ಆದರೆ ಬೆಲೆ ಜಾಸ್ತಿ, ಗುದ್ದಲಿ ಇಡುವ ಶೆಡ್ಡಿಗೆ ಅಷ್ಟು ಖರ್ಚು ನನಗೇನೋ ಮನಸ್ಸು ಬರಲಿಲ್ಲ. ಡೆಕ್ ಆಯಿಲ್, ಎಕ್ಸ್‌ಟೀರಿಯರ್ ವುಡ್ ಆಯಿಲ್ ಅಂತ ದೊಡ್ಡ ಪೇಂಟ್ ಅಂಗಡಿಯಲ್ಲಿ ಸಿಗುವ ಡಬ್ಬಗಳಲ್ಲಿ ಎಣ್ಣೆಯ ಜೊತೆ ರಾಳ, ಬಣ್ಣ, ಕೆಲವದರಲ್ಲಿ ಬೂಷ್ಟಿನ ಮದ್ದೂ ಇರುತ್ತದೆ. ದುಡ್ಡಿಗೆ ಅಡ್ಡಿ ಇಲ್ಲದಿದ್ದರೆ ಕೆಲಸ ಸಲೀಸು.

ಹೊಂಗೆ ಎಣ್ಣೆ, ಬೇವಿನ ಎಣ್ಣೆ? ನಮ್ಮ ಕಡೆ ಎಲ್ಲರ ಮೊದಲ ಪ್ರಶ್ನೆ ಇದೇ. ಹುಳಕ್ಕೆ ಅವುಗಳ ವಾಸನೆ ಆಗದು ಅನ್ನುವುದು ಸರಿ. ಆದರೆ ಅವು ಗಾಳಿಗೆ ಗಟ್ಟಿಯಾಗುವ ಜಾತಿಯಲ್ಲ. ನೇಗಿಲು, ನೊಗದಂಥ ದಿನಾ ಕೈಯಾಡುವ, ಮಳೆಗೆ ನೆನೆಯದೆ ಒಳಗೆ ಇಡುವ ಸಾಮಾನಿಗೆ ಪರವಾಗಿಲ್ಲ, ಬಿಸಿಲು ಮಳೆಗೆ ನಿಂತ ಗೋಡೆಗೆ ನಾಲ್ಕು ಮಳೆಯಲ್ಲಿ ತೊಳೆದು ಹೋಗುತ್ತದೆ. ಹಸಿ ಹರಳೆಣ್ಣೆ, ಕೊಬ್ಬರಿ ಎಣ್ಣೆ ಕೂಡ ಇದೇ ಸಾಲು, ತಲೆಗೆ ಹಚ್ಚಿಕೊಳ್ಳಿ.

ಗೋಡಂಬಿ ಸಿಪ್ಪೆಯ ಎಣ್ಣೆ ಮಾತ್ರ ಬೇರೆ. ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಾರೆ. ಮರವನ್ನು ಕಪ್ಪಗೆ ಮಾಡುತ್ತದೆ, ಹುಳವನ್ನು ಹತ್ತಿರ ಬಿಡುವುದಿಲ್ಲ. ಆದರೆ ಮೈಗೆ ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಕೈಗವಸು, ಪೂರ್ತಿ ತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ, ಮಕ್ಕಳು ಒರಗುವ ಜಾಗಕ್ಕೆ ಬೇಡವೇ ಬೇಡ.

ಇನ್ನು ಗ್ಯಾರೇಜಿನ ಹಳೇ ಇಂಜಿನ್ ಆಯಿಲ್. ಪುಕ್ಕಟೆ ಸಿಗುತ್ತದೆ, ಗಾಢ ಬಣ್ಣ ಬರುತ್ತದೆ, ಅಕ್ಕಪಕ್ಕದ ತೋಟದವರೆಲ್ಲ ‘ನಾವು ಅದನ್ನೇ ಹಚ್ಚದು ಕಣಣ್ಣ, ಏನೂ ಆಗಿಲ್ಲ’ ಅನ್ನುತ್ತಾರೆ. ಆಗುವುದು ಮರಕ್ಕಲ್ಲ, ಮಣ್ಣಿಗೆ. ಇಂಜಿನ್ ಒಳಗೆ ಸುಟ್ಟು ಬಂದ ಆ ಎಣ್ಣೆಯಲ್ಲಿ ಲೋಹದ ಕಣ, ಕ್ಯಾನ್ಸರ್ ತರುವ ರಾಸಾಯನಿಕಗಳೆಲ್ಲ ಇರುತ್ತವೆ. ಅದಕ್ಕೇ 2016ರ ಅಪಾಯಕಾರಿ ತ್ಯಾಜ್ಯದ ನಿಯಮದಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಅದು ಒಣಗುವುದಿಲ್ಲ, ಮಳೆಗೆ ಇಳಿದು ಗೋಡೆ ಪಕ್ಕದ ಕೊತ್ತಂಬರಿ ಮಡಿಗೆ ಹೋಗುತ್ತದೆ. ಮುಂದೆ ಮನಸ್ಸು ಬದಲಾಗಿ ಪೇಂಟ್ ಹೊಡೆಸೋಣ ಅಂದರೆ ಪೇಂಟ್ ಹಿಡಿಯುವುದೂ ಇಲ್ಲ. ಬೆಂಕಿಯ ಭಯ ಬೇರೆ, ಕಬ್ಬಿನ ತರಗು ಸುಡುವ ಕಾಲದಲ್ಲಿ ಒಂದು ಕಿಡಿ ಹಾರಿ ಬಂದರೆ ಸಾಕು.

ಹೊಳಪಿನ ಆಸೆಯವರಿಗೆ ಒಂದು ಮಾತು. ಮೈಸೂರಿಗೂ ಅರಗಿಗೂ ಹಳೆಯ ನಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆಯ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಈಗ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಬರುವುದು. ಆ ಅರಗಿನ ಪಾಲಿಶ್ ಬೀಟೆ ಮರದ ಕುರ್ಚಿ ಮೇಲೆ ಎಷ್ಟು ಚೆಂದವೋ ತೋಟದ ಶೆಡ್ಡಿನ ಮೇಲೆ ಅಷ್ಟೇ ದಂಡ. ನೀರು ಬಿದ್ದ ಕಡೆ ಬೆಳ್ಳಗಾಗುತ್ತದೆ. ಹೊಳೆಯುವ ವಾರ್ನಿಷ್ ಕತೆ ಮೊದಲೇ ಹೇಳಿದೆನಲ್ಲ. ಮರ ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ, ಮೇಲಿನ ಗಾಜಿನಂಥ ಪದರ ಅದರ ಜೊತೆ ಆಡಲಾರದೆ ಬಿರುಕು ಬಿಡುತ್ತದೆ, ಬಿರುಕಲ್ಲಿ ಹೊಕ್ಕ ನೀರು ಹೊರಗೆ ಬರಲು ದಾರಿ ಇಲ್ಲದೆ ಒಳಗೇ ಕೊಳೆಸುತ್ತದೆ. ಎಣ್ಣೆಗೆ ಈ ರೋಗ ಇಲ್ಲ. ಅದು ಸವೆಯುತ್ತದೆ, ಸುಲಿಯುವುದಿಲ್ಲ. ಸವೆದ ಕಡೆ ಮತ್ತೆ ಹಚ್ಚಿದರಾಯಿತು, ಕೆರೆಯುವ ಕೆಲಸ ಇಲ್ಲ.

ಬಣ್ಣದ ಮಾತು ಬಾಕಿ ಇದೆ. ಬಿಸಿಲಿನ ನೇರಳಾತೀತ ಕಿರಣ ಮರದ ನಾರನ್ನು ಹಿಡಿದಿರುವ ಲಿಗ್ನಿನ್ ಅನ್ನುವ ಅಂಟನ್ನು ಒಡೆಯುತ್ತದೆ, ಅದನ್ನು ಮಳೆ ತೊಳೆದಾಗ ಮರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಇಲ್ಲದ ತಿಳಿ ಎಣ್ಣೆ ಇದನ್ನು ತಡೆಯುವುದು ಅಷ್ಟಕ್ಕಷ್ಟೆ. ನಾನು ಮಾಡಿದ್ದು ಹಳೇ ಉಪಾಯ. ನಮ್ಮ ಅಜ್ಜಿ ಮನೆಯ ಕೆಂಪು ನೆಲಕ್ಕೆ ಹಾಕುತ್ತಿದ್ದರಲ್ಲ, ಅದೇ ರೆಡ್ ಆಕ್ಸೈಡ್ ಪುಡಿ, ಲೀಟರು ಎಣ್ಣೆಗೆ ಎರಡು ಹಿಡಿ ಕಲೆಸಿದೆ. ಅದು ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಮಾಸುವುದಿಲ್ಲ, ಕಿರಣವನ್ನು ಒಳಗೆ ಬಿಡುವುದಿಲ್ಲ. ಪುಡಿ ತಳಕ್ಕೆ ಕೂರುತ್ತದೆ, ಕಡ್ಡಿಯಿಂದ ಆಗಾಗ ತಿರುವುತ್ತಿರಬೇಕು. ತೇಗ ಬೂದಿ ಬಣ್ಣಕ್ಕೆ ತಿರುಗಿದರೆ ಅದರ ಗಟ್ಟಿತನಕ್ಕೇನೂ ಮೋಸ ಇಲ್ಲ, ಆ ಬಣ್ಣವೇ ಇಷ್ಟವಾದರೆ ಹಾಗೇ ಬಿಡಿ.

ಮದ್ದುಗಳು

ಮನೆಯಲ್ಲೇ ಮಾಡಿಕೊಳ್ಳಬಹುದಾದ ಮದ್ದು ಬಿಳಿಗಾರ ಮತ್ತು ಬೋರಿಕ್ ಆಸಿಡ್. ಬಿಳಿಗಾರ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಮೈಸೂರಾದರೆ ಸಂತೆಪೇಟೆ ಕಡೆ ಕೇಳಿ. ಬೋರಾಕ್ಸ್ ಅಂತಲೂ ಹೇಳಿ, ಪಟಿಕ ಕೊಟ್ಟುಬಿಟ್ಟಾರು. ಬಿದಿರಿಗೆ ಈ ಮದ್ದು ಹಾಕುವವರು ಒಂದೂವರೆ ಪಾಲು ಬಿಳಿಗಾರಕ್ಕೆ ಒಂದು ಪಾಲು ಬೋರಿಕ್ ಆಸಿಡ್ ಲೆಕ್ಕ ಹಿಡಿಯುತ್ತಾರೆ, ಎರಡೂ ಸೇರಿದರೆ ನೀರಲ್ಲಿ ಚೆನ್ನಾಗಿ ಕರಗುತ್ತದೆ. ಬ್ರಷ್‌ನಲ್ಲಿ ಹಚ್ಚಲು ನಾನು ಹತ್ತು ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಆಸಿಡ್ ಹಾಕಿದೆ. ಅಡುಗೆ ಪಾತ್ರೆ ಬೇಡ, ಹಳೇ ಪೇಂಟ್ ಬಕೆಟ್ ತೆಗೆದುಕೊಳ್ಳಿ. ಪುಡಿ ಹಾರುವಾಗ ಮೂಗಿಗೆ ಬಟ್ಟೆ, ಕೈಗೆ ಗವಸು. ಗರ್ಭಿಣಿಯರು, ಮಕ್ಕಳು ಈ ಕೆಲಸದ ಹತ್ತಿರ ಬೇಡ.

ಬೋರಾನ್ ಮದ್ದಿನ ಗುಣ ವಿಚಿತ್ರ. ಮರ ಸ್ವಲ್ಪ ತೇವ ಇದ್ದರೆ ಅದು ತೇವದ ದಾರಿಯಲ್ಲೇ ಒಳಗೊಳಗೆ ಹರಿದು ಹೋಗುತ್ತದೆ, ಪೂರ್ತಿ ಒಣಗಿದ ಮರದಲ್ಲಿ ಮೇಲೇ ನಿಲ್ಲುತ್ತದೆ. ಹಾಗಾಗಿ ಎಣ್ಣೆಗೆ ಮರ ಒಣಗಿರಬೇಕು, ಇದಕ್ಕೆ ಒಣಗಿರಬಾರದು. ಹಿಂದಿನ ದಿನ ನೀರು ಸಿಂಪಡಿಸಿ, ಮಾರನೇ ದಿನ ಮದ್ದು ಎರಡು ಮೂರು ಸಲ ಹಚ್ಚಿ, ತಾಡಪಾಲು ಹೊದಿಸಿ ಒಂದೆರಡು ದಿನ ಬಿಟ್ಟು, ಆಮೇಲೆ ಎರಡು ವಾರ ಗಾಳಿಗೆ ಒಣಗಿಸಿ. ನೀರಲ್ಲಿ ಬಂದದ್ದು ನೀರಲ್ಲೇ ಹೋಗುತ್ತದೆ ಅನ್ನುವುದು ಇದರ ದೌರ್ಬಲ್ಯ. ಮೇಲೆ ಎಣ್ಣೆಯೋ ಪೇಂಟೋ ಹಚ್ಚದೆ ಬಿಟ್ಟರೆ ಮಳೆಗೆ ತೊಳೆದುಕೊಂಡು ಹೋಗುತ್ತದೆ. ನೆಲದೊಳಗೆ ಹೂಳುವ ಕಂಬಕ್ಕೆ ಇದು ನಿಲ್ಲುವುದಿಲ್ಲ. ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ, ಬೋರಾನ್ ಚಿಟಿಕೆ ಇದ್ದರೆ ಗೊಬ್ಬರ, ಜಾಸ್ತಿಯಾದರೆ ಗಿಡದ ಎಲೆ ಅಂಚೆಲ್ಲ ಸುಡುತ್ತದೆ.

ಡಬ್ಬದಲ್ಲಿ ಸಿಗುವ ಮದ್ದೂ ಇದೆ, ಪಿಡಿಲೈಟ್‌ನವರ ಟರ್ಮಿನೇಟರ್ ಥರದ್ದು. ಕಾರ್ಪೆಂಟರ್‌ಗಳಿಗೆಲ್ಲ ಗೊತ್ತು. ಇವು ಪೆಟ್ರೋಲಿಯಂ ದ್ರಾವಕದಲ್ಲಿ ಬರುವುದೇ ಜಾಸ್ತಿ, ಒಣಗಿದ ಮರಕ್ಕೆ ಚೆನ್ನಾಗಿ ಇಳಿಯುತ್ತವೆ, ಮಳೆಗೆ ಬೇಗ ಬಿಡುವುದಿಲ್ಲ. ವಾಸನೆ ಜೋರು. ಒಳಗೋಡೆಗೆ ಹಚ್ಚುವಾಗ ಬಾಗಿಲು ತೆಗೆದಿಟ್ಟು ಹಚ್ಚಿ, ಬಿತ್ತನೆ ಬೀಜ, ಹಿಂಡಿ ಎಲ್ಲ ವಾರದ ಮಟ್ಟಿಗೆ ಹೊರಗಿಡಿ. ಹೊರಗೋಡೆಗೆ ಹಚ್ಚಬಹುದೇ, ಮೇಲೆ ಎಣ್ಣೆ ಹಚ್ಚಲು ಎಷ್ಟು ದಿನ ಬಿಡಬೇಕು ಅನ್ನುವುದನ್ನು ಡಬ್ಬದಲ್ಲೇ ಓದಿ, ನನ್ನ ಥರ ಆಗಬೇಡಿ.

ಹಸಿರು ಬಣ್ಣದ ಕಂಬ ನೋಡಿರುತ್ತೀರಿ. ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಮದ್ದು. ಇದನ್ನು 1933ರಲ್ಲಿ ಕಂಡುಹಿಡಿದವರು ನಮ್ಮ ದೇಶದವರೇ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶನ್. ದೊಡ್ಡ ಸಿಲಿಂಡರಿನಲ್ಲಿ ಮರ ಹಾಕಿ ಗಾಳಿ ಎಳೆದು ಒತ್ತಡದಲ್ಲಿ ತುಂಬಿಸಬೇಕು, ಬ್ರಷ್ ಕೆಲಸ ಅಲ್ಲ. ನೆಲಕ್ಕೆ ಹೂಳುವ ಕಂಬಕ್ಕೆ ಇಷ್ಟು ಬಾಳಿಕೆ ಕೊಡುವ ಮದ್ದು ಕಮ್ಮಿ. ಆದರೆ ಆರ್ಸೆನಿಕ್ ಇರುವುದರಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಇದನ್ನು ಹಾಕುವುದು ನಿಲ್ಲಿಸಿದರು. ಅಂಥ ಕಂಬ ತಂದರೆ ಕೊಯ್ದ ಚೂರನ್ನು ನೀರೊಲೆಗೆ ಹಾಕಬೇಡಿ, ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ತರಕಾರಿ ಮಡಿಗೆ ಅಂಚು ಕಟ್ಟಲೂ ಬೇಡ. ರೈಲ್ವೆಯ ಹಳೇ ಮರದ ಸ್ಲೀಪರ್ ಸಿಕ್ಕಿತು ಅಂತ ತಂದವರಿಗೂ ಇದೇ ಮಾತು, ಅದರಲ್ಲಿರುವುದು ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಕ್ರಿಯೋಸೋಟ್. ಬಿಸಿಲಿಗೆ ಬೆವರುತ್ತದೆ, ಮೈಗೆ ಒಳ್ಳೆಯದಲ್ಲ.

ಮದ್ದಿನ ಬಗ್ಗೆ ಸರಿಯಾಗಿ ತಿಳಿಯಬೇಕು ಅನ್ನುವವರಿಗೆ ಬೆಂಗಳೂರಿನ ಮಲ್ಲೇಶ್ವರ 18ನೇ ಕ್ರಾಸ್‌ನಲ್ಲಿ ಮರ ವಿಜ್ಞಾನದ್ದೇ ಒಂದು ಕೇಂದ್ರ ಸಂಸ್ಥೆ ಇದೆ. ಮರದ ರಕ್ಷಣೆಗೆ ಭಾರತೀಯ ಮಾನಕವೂ ಇದೆ, ಐಎಸ್ 401 ಅದರ ನಂಬರು.

ಹಚ್ಚುವ ಕೆಲಸ

ಕಾಲ ಸಂಕ್ರಾಂತಿ ಕಳೆದ ಮೇಲೆ, ಯುಗಾದಿಯೊಳಗೆ. ಆಗ ಮಳೆ ಇಲ್ಲ, ಗಾಳಿಯಲ್ಲಿ ತೇವ ಕಮ್ಮಿ, ಮರ ತಾನಾಗೇ ಒಣಗಿರುತ್ತದೆ. ಅಶ್ವಿನಿ, ಭರಣಿ ಮಳೆ ಶುರುವಾಗುವ ಮೊದಲು ಎಣ್ಣೆ ಒಣಗಿ ಗಟ್ಟಿಯಾಗಿರಬೇಕು. ಬಿಳಿಗಾರದ ಮದ್ದು ಹಚ್ಚುವವರು ಎರಡು ಮೂರು ವಾರ ಮುಂಚೆಯೇ ಕೈ ಹಾಕಿ.

ಮೊದಲು ತೊಳೆಯಿರಿ. ನಾರಿನ ಬ್ರಷ್, ಸೋಪಿನ ನೀರು. ಪ್ರೆಷರ್ ವಾಷರ್ ತಂದು ಹೊಡೆಯುವವರಿದ್ದಾರೆ, ಮರದ ನಾರೆಲ್ಲ ಎದ್ದು ಗೋಡೆ ನಾಯಿ ಮೈ ಆಗುತ್ತದೆ, ಬೇಡ. ಏಳುತ್ತಿರುವ ವಾರ್ನಿಷ್ ಇದ್ದರೆ ಕೆರೆದು, 80 ನಂಬರ್ ಸ್ಯಾಂಡ್‌ಪೇಪರ್ ಹಾಕಿ. ತೀರಾ ನುಣ್ಣಗೆ ಮಾಡಬೇಡಿ, ಒರಟು ಮರ ಜಾಸ್ತಿ ಎಣ್ಣೆ ಕುಡಿಯುತ್ತದೆ, ನಮಗೆ ಬೇಕಾದದ್ದೂ ಅದೇ ಅಲ್ವಾ.

ಎಷ್ಟು ಎಣ್ಣೆ ಬೇಕು? ನನ್ನ ಶೆಡ್ಡಿನ ಸುತ್ತಳತೆ 28 ಅಡಿ, ಎತ್ತರ 7 ಅಡಿ, ಹೊರಗೋಡೆ 196 ಚದರಡಿ. ಒರಟು ಹಲಗೆಗೆ ಮೊದಲ ಕೋಟಿನಲ್ಲಿ ಲೀಟರಿಗೆ 60–70 ಚದರಡಿ ಲೆಕ್ಕ ಹಿಡಿದರೆ ಮೂರು ಲೀಟರ್. ಎರಡನೇ ಕೋಟು ಅದರ ಅರ್ಧ. ಐದು ಲೀಟರ್ ತಂದರೆ ಬಾಗಿಲಿನ ಒಳಮುಖಕ್ಕೂ ಸೇರಿ ಸಾಕಾಗುತ್ತದೆ.

ಮೊದಲ ಕೋಟಿಗೆ ಎಣ್ಣೆಗೆ ಸಮನಾಗಿ ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಮಾಡಿ, ಆಗ ಒಳಗೆ ಇಳಿಯುತ್ತದೆ. ಎರಡನೆಯದಕ್ಕೆ ಎಣ್ಣೆ ಎರಡು ಪಾಲು, ಟರ್ಪೆಂಟೈನ್ ಒಂದು ಪಾಲು. ಸೀಮೆಎಣ್ಣೆ ಬೆರೆಸುವವರಿದ್ದಾರೆ, ಒಣಗುವುದು ತಡವಾಗುತ್ತದೆ, ವಾಸನೆಯೂ ಹೋಗುವುದಿಲ್ಲ. ನೆರಳಿನ ಹಿಂದೆ ಹೋಗಿ: ಬೆಳಿಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ ಗೋಡೆ. ಸುಡುವ ಹಲಗೆಗೆ ಹಚ್ಚಿದರೆ ಎಣ್ಣೆ ಇಳಿಯುವ ಮೊದಲೇ ಮೇಲೆ ಕೆನೆಗಟ್ಟುತ್ತದೆ.

ಹಚ್ಚಿ ಕಾಲು ಗಂಟೆ, ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಮೇಲೆ ನಿಂತದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ‘ಇರಲಿ ಬಿಡು, ದಪ್ಪ ಇದ್ದರೆ ಒಳ್ಳೇದು’ ಅಂತ ಬಿಟ್ಟರೆ ತಿಂಗಳಾದರೂ ಬೆಲ್ಲದ ಪಾಕದ ಹಾಗೆ ಅಂಟುತ್ತದೆ.

ಒರೆಸಿದ ಬಟ್ಟೆಯ ಬಗ್ಗೆ ಮಾತ್ರ ದಯವಿಟ್ಟು ಎಚ್ಚರ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗದೆ ಒಳಗೇ ಕೂಡಿಕೊಂಡು ಕೆಲವು ಗಂಟೆಗಳಲ್ಲಿ ತಾನಾಗಿ ಹತ್ತಿಕೊಳ್ಳುತ್ತದೆ, ಬೆಂಕಿಕಡ್ಡಿ ಬೇಕಿಲ್ಲ. ಬಟ್ಟೆಯನ್ನು ಬಿಡಿಸಿ ಬೇಲಿಯ ತಂತಿಗೆ ಒಂದೊಂದೇ ಹರವಿ, ಗಟ್ಟಿಯಾದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿಡಿ. ಕೆಲಸದವರಿಗೂ ಇದನ್ನು ಹೇಳಿ, ಅವರು ಸಂಜೆ ಬಟ್ಟೆಯನ್ನೆಲ್ಲ ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ ಶೆಡ್ಡಿನೊಳಗೇ ಇಟ್ಟು ಹೋಗುತ್ತಾರೆ.

ಹಲಗೆಯ ಕೊರೆದ ತುದಿಗಳನ್ನು ಮರೆಯಬೇಡಿ. ಮರ ನೀರು ಎಳೆಯುವುದು ಮೈಗಿಂತ ತುದಿಯಿಂದ ಜಾಸ್ತಿ, ಬದುಕಿದ್ದಾಗ ಬೇರಿನಿಂದ ಎಲೆಗೆ ನೀರು ಹೋಗುತ್ತಿದ್ದ ಕೊಳವೆಗಳೆಲ್ಲ ಅಲ್ಲಿ ಬಾಯಿ ತೆರೆದಿರುತ್ತವೆ. ಹೊಸದಾಗಿ ಕಟ್ಟಿಸುವವರು ಹಲಗೆ ಹೊಡೆಯುವ ಮೊದಲೇ ಕೆಳತುದಿಯನ್ನು ಮದ್ದಿನ ಡಬ್ಬದಲ್ಲಿ ಒಂದು ರಾತ್ರಿ ನಿಲ್ಲಿಸಿ. ಈಗಾಗಲೇ ಕಟ್ಟಿದ್ದರೆ ತುದಿಗೆ ನಾಲ್ಕೈದು ಸಲ, ಕುಡಿಯುವುದು ನಿಲ್ಲಿಸುವವರೆಗೆ ಹಚ್ಚಿ.

ಬುಡದ ವಿಚಾರ

ಇಲ್ಲಿ ತಪ್ಪಿದರೆ ಮೇಲೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನನ್ನ ಮೊದಲ ತಪ್ಪು ಕಂಬವನ್ನು ನೇರ ಮಣ್ಣಿಗೆ ಹೂತದ್ದು. ಆಚಾರ್ರು ಕೊಳೆತ ಬುಡವನ್ನು ಒಂದಡಿ ಕೊಯ್ದು ಹಾಕಿ, ಕೆಳಗೆ ಸೈಜುಗಲ್ಲು ಕೊಟ್ಟರು. ಕಲ್ಲಿಗೂ ಮರಕ್ಕೂ ನಡುವೆ ತಗಡಿನ ತುಂಡು, ಕಲ್ಲು ಎಳೆದ ತೇವ ಮೇಲೆ ಹತ್ತದ ಹಾಗೆ. ಈಗ ಕೆಳಗಿನ ಹಲಗೆ ನೆಲದಿಂದ ಆರಿಂಚು ಮೇಲಿದೆ, ಗೆದ್ದಲು ಗೆರೆ ಎಳೆದರೂ ಕಲ್ಲಿನ ಮೇಲೆ ಕಣ್ಣಿಗೆ ಬೀಳುತ್ತದೆ.

ಸೂರಿನಿಂದ ಬಿದ್ದ ಹನಿ ನೆಲಕ್ಕೆ ಬಡಿದು ಕೆಸರು ಸಮೇತ ಗೋಡೆಗೆ ಒಂದಡಿ ಎತ್ತರ ಚಿಮ್ಮುತ್ತದೆ. ಸುತ್ತ ಒಂದೂವರೆ ಅಡಿ ಅಗಲ ಜಲ್ಲಿ ಹರವಿ. ಸೂರು ಒಂದಡಿಯಾದರೂ ಮುಂದೆ ಚಾಚಿರಲಿ. ಗೋಡೆಗೆ ಒರಗಿಸಿ ತೆಂಗಿನ ಮಟ್ಟೆ, ಸೌದೆ ಪೇರಿಸಬೇಡಿ. ನಮ್ಮ ಮನೆಯವರು ಚೆಂದ ಕಾಣಲಿ ಅಂತ ಹೀರೆ ಬಳ್ಳಿ ಹಬ್ಬಿಸಿದ್ದರು, ಅದನ್ನು ತೆಗೆಸಲು ಎಣ್ಣೆ ಹಚ್ಚುವುದಕ್ಕಿಂತ ಜಾಸ್ತಿ ಕಷ್ಟವಾಯಿತು.

ನೆಲದ ಗೆದ್ದಲಿಗೆ ಮಣ್ಣಿಗೇ ಮದ್ದು ಬೇಕು. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಅಂತ ಕಟ್ಟಡಗಳಿಗೆಂದೇ ಸಿಗುತ್ತದೆ, ಚೀಟಿಯಲ್ಲಿರುವ ಅಳತೆಯಲ್ಲಿ ಬುಡದ ಸುತ್ತ ಸಣ್ಣ ಕಾಲುವೆ ತೆಗೆದು ಹಾಕಬೇಕು. ತೆರೆದ ಬಾವಿ, ನಾಲೆ, ಮೀನಿನ ಹೊಂಡ ಹತ್ತಿರ ಇದ್ದರೆ ಇದಕ್ಕೆ ಕೈ ಹಾಕದೆ ಕಲ್ಲು, ತಗಡು, ಕಣ್ಣಿಡುವುದು ಇವಿಷ್ಟನ್ನೇ ನಂಬಿ. ಕಬ್ಬಿಗೆ ತಂದ ಔಷಧಿ ಮಿಕ್ಕಿದೆ ಅಂತ ಗೋಡೆಗೆ ಬಳಿಯುವುದು ಬೇಡ, ಆ ಗೋಡೆಗೆ ಒರಗಿಕೊಂಡೇ ನೀವು ಬುತ್ತಿ ಬಿಚ್ಚುವುದು.

ಆಮೇಲೆ

ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ವರ್ಷಕ್ಕೊಂದು ತೆಳು ಕೋಟು, ಉತ್ತರಕ್ಕೆ ಎರಡು ವರ್ಷಕ್ಕೆ ಸಾಕು. ಕ್ಯಾಲೆಂಡರ್ ನೋಡಿ ಅಲ್ಲ, ನಾಲ್ಕು ಹನಿ ನೀರು ಹಾಕಿ ನೋಡಿ ತೀರ್ಮಾನ ಮಾಡಿ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಸ್ಕ್ರೂಡ್ರೈವರ್ ಹಿಡಿದು ಒಂದು ಸುತ್ತು ಬನ್ನಿ.

ಮಿಕ್ಕ ಅಗಸೆ ಎಣ್ಣೆಯನ್ನು ಅರ್ಧ ಖಾಲಿ ಡಬ್ಬದಲ್ಲಿ ಬಿಡಬೇಡಿ, ಒಳಗಿನ ಗಾಳಿಗೇ ಕೆನೆಗಟ್ಟಿ ಹಾಳಾಗುತ್ತದೆ. ಸಣ್ಣ ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಳ ಬಿಗಿದು, ಮೇಲೆ ‘ಕುಡಿಯಬಾರದು’ ಅಂತ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಗುದ್ದಲಿ ಕಾವಿಗೂ ಮಚ್ಚಿನ ಹಿಡಿಗೂ ವರ್ಷಪೂರ್ತಿ ಆಗುತ್ತದೆ.